ಅತ್ತದ್ದು ಅಪ್ಪನೋ ಮಗನೋ? ಕೇಳಿದ ಪುಸ್ತಕ, ಓದಿದ ಪುಸ್ತಕ ಎರಡೂ ಒಂದೇನಾ?

ಕೆಂಪುಪೆನ್ನು:

ನನ್ನ ಕೆಲಸ ಪ್ರೂಫ್ ನೋಡುವುದು. ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಹಾಗಾಗಿ ಪುಸ್ತಕ ತೆರೆದರೆ ನನಗೆ ಮೊದಲು ಕಾಣುವುದು ಕಥೆ ಅಲ್ಲ. ಬಿಟ್ಟುಹೋದ ದೀರ್ಘ, ಅದಲುಬದಲಾದ ಲ ಮತ್ತು ಳ, ಎರಡೆರಡು ಸಲ ಅಚ್ಚಾದ 'ಮತ್ತು'. ಔಷಧಿ ಬಾಟಲಿಯ ಚೀಟಿ ಓದುವಾಗಲೂ ಕೈ ಪೆನ್ನು ಹುಡುಕುತ್ತದೆ. ರೋಗ ಅಂತಲೇ ಇಟ್ಟುಕೊಳ್ಳಿ.

ಹೋದ ವರ್ಷ ಕುತ್ತಿಗೆ ಹಿಡಿದುಕೊಂಡಿತು. ತಲೆ ಬಗ್ಗಿಸಿ ಕೂತು ಕೂತು ಬಂದ ನೋವು. ಎರಡು ತಿಂಗಳು ಬಗ್ಗಿ ಓದಲೇಬಾರದು ಅಂದರು ಡಾಕ್ಟರು. ಮಗಳು ನನ್ನ ಫೋನಿಗೆ ನಾಲ್ಕೈದು ಆಡಿಯೋಬುಕ್ ಹಾಕಿಕೊಟ್ಟು, "ಅಪ್ಪಾ, ಸುಮ್ನೆ ಮಲಗಿಕೊಂಡು ಕೇಳು" ಅಂದಳು.

ಸುಮ್ನೆ ಕೇಳೋದು ನನಗೆ ಬರಲಿಲ್ಲ. ಅದಕ್ಕೊಂದು ಕಾರಣ ಇದೆ. ಮೊದಲೆಲ್ಲ ಪ್ರೂಫ್ ನೋಡುವುದು ಜೋಡಿ ಕೆಲಸ. ಒಬ್ಬರು ಮೂಲ ಪ್ರತಿಯನ್ನು ಜೋರಾಗಿ ಓದುತ್ತಿದ್ದರು, ಇನ್ನೊಬ್ಬರು ಅಚ್ಚಾದ ಹಾಳೆ ನೋಡುತ್ತಿದ್ದರು. ಓದುವುದು ಅಂದ್ರೆ ಎಲ್ಲವನ್ನೂ ಓದುವುದು. "ಅವಳು ಬಂದಳು ಅಲ್ಪವಿರಾಮ ಕೂತಳು ಪೂರ್ಣವಿರಾಮ ಹೊಸ ಪ್ಯಾರಾ." ದಿನಕ್ಕೆ ಐದಾರು ಗಂಟೆ ಇದನ್ನೇ ಕೇಳಿದವನು ನಾನು. ಆಡಿಯೋಬುಕ್ ಹಾಕಿದರೆ ಓದುವವರು ಎಲ್ಲಿ ನಿಂತರೂ ನನ್ನ ತಲೆಯೊಳಗೆ "ಅಲ್ಪವಿರಾಮ" ಅಂತ ಯಾರೋ ಹೇಳುತ್ತಿದ್ದರು. ಮೊದಲ ವಾರ ಕೇಳಿದ್ದರಲ್ಲಿ ಒಂದು ಕಥೆಯೂ ನೆನಪಿಲ್ಲ. ವಿರಾಮಚಿಹ್ನೆಗಳು ಮಾತ್ರ ಚೆನ್ನಾಗಿ ನೆನಪಿವೆ!

ಆಮೇಲೆ ಪಟ್ಟಿಯಲ್ಲಿ ಒಂದು ಕಾದಂಬರಿ ಕಣ್ಣಿಗೆ ಬಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅದರ ಪ್ರೂಫ್ ನೋಡಿದ್ದು ನಾನೇ. ಒಂದಲ್ಲ, ಮೂರು ಸಲ. ಹೆಸರು ಬೇಡ, ಬರೆದವರು ಈಗ ಇಲ್ಲ. ಗೊತ್ತಿರುವ ಪುಸ್ತಕ ತಾನೇ ಅಂತ ಹಾಕಿದೆ. ಅರ್ಧ ಗಂಟೆಯಲ್ಲೇ ನಾಚಿಕೆಯಾಯಿತು. ಯಾವ ಪುಟದಲ್ಲಿ ಯಾವ ಒತ್ತು ತಪ್ಪಿತ್ತು ಅಂತ ಇವತ್ತಿಗೂ ಹೇಳಬಲ್ಲೆ. ಕಥೆ ಮಾತ್ರ ನನಗೆ ಗೊತ್ತೇ ಇರಲಿಲ್ಲ. ಮೂರು ಸಲ ಆ ಊರಿನ ಬೀದಿ ಗುಡಿಸಿ ಬಂದಿದ್ದೆ, ಯಾರ ಮನೆಯೊಳಗೂ ಹೋಗಿರಲಿಲ್ಲ ಅಂತಾರಲ್ಲ, ಹಾಗೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಆ ಕಾದಂಬರಿಯಲ್ಲಿ ಒಬ್ಬ ಅಪ್ಪ ಇದ್ದಾನೆ. ಸಿಡುಕ. ಒಂದು ಕಡೆ ಹೀಗೊಂದು ವಾಕ್ಯ ಬರುತ್ತದೆ. ಪದಗಳನ್ನು ಸ್ವಲ್ಪ ಬದಲಿಸಿದ್ದೇನೆ, ಕಟ್ಟು ಅದೇ:

"ಅವನು ಅಳುತ್ತಾ ಓಡಿಹೋದ ಮಗನನ್ನು ಹುಡುಕಿಕೊಂಡು ಹೊರಟ."

ಓದಿದವರು 'ಅಳುತ್ತಾ' ಆದಮೇಲೆ ನಿಂತರು. ಒಂದು ಉಸಿರಿನಷ್ಟು. ಆಮೇಲೆ ಮೆಲ್ಲಗೆ "ಓಡಿಹೋದ ಮಗನನ್ನು ಹುಡುಕಿಕೊಂಡು ಹೊರಟ" ಅಂದರು. ಅಂದ್ರೆ ಅತ್ತದ್ದು ಅಪ್ಪ! ಇಡೀ ಪುಸ್ತಕದಲ್ಲಿ ಎಲ್ಲೂ ಅಳದ ಮನುಷ್ಯ. ನಾನು ಎದ್ದು ಕೂತೆ. ಕುತ್ತಿಗೆ ನೋವೂ ಮರೆತುಹೋಯಿತು.

ಆದರೆ ವಾಕ್ಯವನ್ನಷ್ಟೇ ನೋಡಿದ್ದ ನನ್ನ ತಲೆಯಲ್ಲಿ ಇಷ್ಟು ವರ್ಷ ಅತ್ತದ್ದು ಮಗ. ಅಳುತ್ತಾ ಓಡಿಹೋಗಿದ್ದು ಅವನು. ಕಪಾಟಿನಿಂದ ಪುಸ್ತಕ ತೆಗೆದು ನೋಡಿದೆ. ಅಲ್ಲಿ ಅಲ್ಪವಿರಾಮ ಇಲ್ಲ. ಎರಡು ಅರ್ಥವೂ ಆಗುತ್ತದೆ. ಓದಿದವರು ತಾವೇ ಒಂದು ಅಲ್ಪವಿರಾಮ ಹಾಕಿದ್ದಾರೆ, ಧ್ವನಿಯಲ್ಲಿ.

ಹಾಗಾದರೆ ನಾನು ಕೇಳಿದ್ದು ಅದೇ ಪುಸ್ತಕಾನಾ? ಕೇಳಿ ಅಭ್ಯಾಸ ಇರುವವರಿಗೆ ಹೀಗೆ ಅನ್ನಿಸಿದ್ದುಂಟಾ? ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ಕಥೆ ಈಗ ಹೇಗೋ ತಲೆಗೆ ಹೋಗುತ್ತಿದೆ. ಇತಿಹಾಸ, ವಿಜ್ಞಾನ ಕೇಳಿದರೆ ಹತ್ತು ನಿಮಿಷಕ್ಕೆ ಮನಸ್ಸು ಎಲ್ಲೋ ಹೋಗಿರುತ್ತದೆ. ಇದಕ್ಕೇನಾದರೂ ಉಪಾಯ ಇದೆಯಾ?

ಒಂದುಸಿರು:

ಸರ್, ನಾನು ಆಡಿಯೋಬುಕ್‌ಗಳಿಗೆ ಧ್ವನಿ ಕೊಡುತ್ತೇನೆ. ನೀವು ಕೇಳಿದ್ದು ನನ್ನ ಧ್ವನಿ ಆಗಿರಲಾರದು ಅಂದುಕೊಂಡಿದ್ದೇನೆ. ಆಗಿದ್ದರೆ ಕ್ಷಮಿಸಿ!

ತಮಾಷೆ ಬಿಡಿ. ನೀವು ಹೇಳಿದ ಥರದ ವಾಕ್ಯ ನಮಗೆ ದಿನಾ ಸಿಗುತ್ತದೆ. ಕಣ್ಣಿನಲ್ಲಿ ಓದುವವರಿಗೆ ಒಂದು ಅನುಕೂಲ ಇದೆ. ತೀರ್ಮಾನ ಮಾಡದೆ ಮುಂದೆ ಹೋಗಬಹುದು. ನನಗೆ ಆ ಅನುಕೂಲ ಇಲ್ಲ. ಬಾಯಿ ತೆರೆದರೆ ಎಲ್ಲೋ ಒಂದು ಕಡೆ ಉಸಿರು ತಗೊಳ್ಳಲೇಬೇಕು. ಉಸಿರು ತಗೊಂಡ ಜಾಗದಲ್ಲಿ ಅರ್ಥ ಮುರಿಯುತ್ತದೆ. ಎಷ್ಟೋ ಸಲ ಅದು ತೀರ್ಮಾನವೇ ಅಲ್ಲ, ಶ್ವಾಸಕೋಶದ ಅಳತೆ ಅಷ್ಟೇ. ನಿಮ್ಮ ಅಪ್ಪ ಅತ್ತದ್ದು ಓದಿದವರಿಗೆ ಉಸಿರು ಮುಗಿದದ್ದಕ್ಕೂ ಇರಬಹುದು. ಹೇಳಲು ಬೇಜಾರೇ, ಆದರೂ ನಿಜ.

ಒಳ್ಳೆಯ ಕೆಲಸ ಅಂದ್ರೆ ಮೊದಲು ಪೂರ್ತಿ ಪುಸ್ತಕ ಓದಿಕೊಳ್ಳಬೇಕು. ಇಲ್ಲದಿದ್ದರೆ ಇನ್ನೂರನೇ ಪುಟದಲ್ಲಿ "ಅವನದು ಗೊಗ್ಗರು ದನಿ" ಅಂತ ಬರುತ್ತದೆ. ಅಷ್ಟರಲ್ಲಿ ನಾವು ಅವನಿಗೆ ಸಣ್ಣ ದನಿ ಕೊಟ್ಟು ಒಂಬತ್ತು ಗಂಟೆ ರೆಕಾರ್ಡ್ ಆಗಿರುತ್ತದೆ. ನನಗೆ ಒಮ್ಮೆ ಹೀಗಾಗಿದೆ. ಆ ಪಾತ್ರ ಮಾತಾಡುವ ಜಾಗಗಳನ್ನೆಲ್ಲ ಮತ್ತೆ ಓದಿದೆ.

ನನ್ನ ಲೆಕ್ಕದಲ್ಲಿ ಒಂದು ಪುಟಕ್ಕೆ ಎರಡೂವರೆ ಮೂರು ನಿಮಿಷ. ಕೇಳುವವರ ಕೈಗೆ ಒಂದು ಗಂಟೆ ಸಿಗಬೇಕಾದರೆ ನಾನು ಒಳಗೆ ಕನಿಷ್ಠ ಎರಡು ಗಂಟೆ ಕೂತಿರುತ್ತೇನೆ. ತಪ್ಪು ಓದಿದ್ದು, ಕುರ್ಚಿ ಕಿರುಗುಟ್ಟಿದ್ದು, ಹೊಟ್ಟೆ ಗುರುಗುಟ್ಟಿದ್ದು ಎಲ್ಲ ಮತ್ತೆ ಮಾಡಬೇಕು. ಮೈಕಿಗೆ ಹೊಟ್ಟೆಯ ಸದ್ದು ಎಷ್ಟು ಚೆನ್ನಾಗಿ ಕೇಳುತ್ತದೆ ಅಂತ ಈ ಕೆಲಸಕ್ಕೆ ಬಂದಮೇಲೇ ಗೊತ್ತಾಗಿದ್ದು.

ಇನ್ನೊಂದು ಮಾತು, ನೀವು ಬೇಜಾರು ಮಾಡಿಕೊಳ್ಳಬಾರದು. ಅಚ್ಚಾದ ಪುಸ್ತಕದಲ್ಲಿ ಉಳಿದ ತಪ್ಪುಗಳನ್ನು ಕೊನೆಗೆ ಹಿಡಿಯುವವರು ನಾವೇ. ಕಣ್ಣು ತಪ್ಪನ್ನು ತಾನೇ ಸರಿ ಮಾಡಿಕೊಂಡು ಮುಂದೆ ಓಡುತ್ತದೆ. ನಾಲಿಗೆ ಎಡವುತ್ತದೆ.

ಹಳೆಯಹಾಳೆ:

ಕೇಳಿದ್ದನ್ನು 'ಓದಿದೆ' ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಕೇಳಿದೆ ಅನ್ನಿ, ಏನು ಕಷ್ಟ? ಇನ್ನೊಬ್ಬರು ಓದಿದ್ದು, ನೀವು ಕೇಳಿದ್ದು. ಅಷ್ಟೇ. ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಂಡು, ಬಟ್ಟೆ ಮಡಚುತ್ತಾ "ಈ ವರ್ಷ ಎಂಬತ್ತು ಪುಸ್ತಕ ಓದಿದೆ" ಅನ್ನುವವರನ್ನು ನೋಡಿದರೆ ನಗು ಬರುತ್ತದೆ. ನಿಮ್ಮ ಅಪ್ಪ ಮಗನ ವಾಕ್ಯವೇ ಸಾಕ್ಷಿ. ಪುಸ್ತಕದಲ್ಲಿ ಇಲ್ಲದ್ದನ್ನು ಕಿವಿಗೆ ತುಂಬಿದ್ದಾರೆ.

ಆರುಚುಕ್ಕಿ:

ಹಳೆಯಹಾಳೆ ಅವರೇ, ನನಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ನಿಮ್ಮ ಲೆಕ್ಕದಲ್ಲಿ ನಾನು ಎಂ.ಎ. ಓದಿಲ್ಲ, ಕೇಳಿದ್ದೇನೆ. ಪರವಾಗಿಲ್ಲ, ಅಂಕಪಟ್ಟಿಯಲ್ಲಿ ಹಾಗೆ ಬರೆದಿಲ್ಲ. ಕೋಪ ಏನಿಲ್ಲ. ಈ ಮಾತು ನಾನು ಮೊದಲ ಸಲ ಕೇಳುತ್ತಿರುವುದೂ ಅಲ್ಲ.

ಧ್ವನಿಯ ಪುಸ್ತಕ ಶುರುವಾದದ್ದು ಬಟ್ಟೆ ಮಡಚುವವರಿಗಾಗಿ ಅಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ. ಅದರಿಂದ ಏನೇನು ಮಾಡಬಹುದು ಅಂತ ಮರುವರ್ಷ ಒಂದು ಪಟ್ಟಿ ಬರೆದ. ಕುರುಡರಿಗೆ ಮಾತಾಡುವ ಪುಸ್ತಕ ಅನ್ನುವುದು ಆ ಪಟ್ಟಿಯಲ್ಲಿತ್ತು. ಆಗ ತವರದ ಹಾಳೆಯ ಮೇಲೆ ಒಂದೆರಡು ನಿಮಿಷದ ಮಾತೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ನಿಜವಾದ ಪುಸ್ತಕ ಬರಲು 1930ರ ದಶಕದವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ 1934ರಲ್ಲಿ, ಬ್ರಿಟನ್ನಿನಲ್ಲಿ 1935ರಲ್ಲಿ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಮುಖ್ಯ ಕಾರಣ. ದೊಡ್ಡವರಾದಮೇಲೆ ಬೆರಳಿಗೆ ಬ್ರೈಲ್ ಕಲಿಸುವುದು ಸುಲಭ ಅಲ್ಲ. ಅಮೆರಿಕದ ರೆಕಾರ್ಡುಗಳು ನಿಮಿಷಕ್ಕೆ 33⅓ ಸುತ್ತು ತಿರುಗುತ್ತಿದ್ದವು. ಮನೆಯಲ್ಲಿ ಹಾಡು ಕೇಳುವ ರೆಕಾರ್ಡ್ ಆಗ 78ರಲ್ಲಿ ತಿರುಗುತ್ತಿತ್ತು. ಹಾಡಿನ ಲೋಕಕ್ಕೆ ನಿಧಾನದ ರೆಕಾರ್ಡ್ ಬಂದು ನೆಲೆಯಾದದ್ದು ಆಮೇಲೆ. ಆದರೂ ಅಮೆರಿಕದ ಆ ರೆಕಾರ್ಡುಗಳಲ್ಲಿ ಒಂದು ಬದಿಗೆ ಸುಮಾರು 15 ನಿಮಿಷ ಅಷ್ಟೇ. ಒಂದು ಕಾದಂಬರಿಗೆ ಎಷ್ಟು ತಟ್ಟೆ ಬೇಕು ಅಂತ ನೀವೇ ಲೆಕ್ಕ ಹಾಕಿ. ಹೊತ್ತುಕೊಂಡು ಹೋಗಲು ಗಟ್ಟಿ ತೋಳೂ ಬೇಕು.

ಈಗ ಕೆಂಪುಪೆನ್ನು ಸರ್ ಪ್ರಶ್ನೆ. ನನಗೆ ತುಂಬಾ ಇಷ್ಟವಾಯಿತು, ಯಾಕಂದ್ರೆ ನಾನು ಪುಸ್ತಕವನ್ನು ಮೂರು ಥರ ಓದುತ್ತೇನೆ. ಮನುಷ್ಯರ ಧ್ವನಿಯಲ್ಲಿ, ಪರದೆಯ ಮೇಲಿನ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್‌ನ ಯಂತ್ರದ ಧ್ವನಿಯಲ್ಲಿ, ಬೆರಳಿನಲ್ಲಿ. ನೀವು ಬರೆದ ವಾಕ್ಯವನ್ನು ಈಗಷ್ಟೇ ಸ್ಕ್ರೀನ್ ರೀಡರ್‌ನಲ್ಲಿ ಮೂರು ಸಲ ಕೇಳಿದೆ. ನಾನು ಕೇಳುವುದು ಮಾಮೂಲಿಗಿಂತ ಎರಡೂವರೆ ಪಟ್ಟು ವೇಗದಲ್ಲಿ. ಪಕ್ಕದಲ್ಲಿ ಇರುವವರಿಗೆ ಜೀರುಂಡೆ ಕೂಗಿದ ಹಾಗೆ ಕೇಳುತ್ತದಂತೆ. ಆ ಯಂತ್ರ ಎಲ್ಲೂ ನಿಲ್ಲಲಿಲ್ಲ. ಅಲ್ಪವಿರಾಮ ಇಲ್ಲ, ಅದಕ್ಕೆ ಉಸಿರೂ ಇಲ್ಲ. ಅದಕ್ಕೆ ಅಪ್ಪನೂ ಗೊತ್ತಿಲ್ಲ, ಮಗನೂ ಗೊತ್ತಿಲ್ಲ. ಯಾರು ಅತ್ತರು ಅನ್ನೋದು ನನಗೇ ಬಿಟ್ಟದ್ದಾಯಿತು, ನಿಮಗೆ ಅಚ್ಚಿನ ಪುಟದಲ್ಲಿ ಆದ ಹಾಗೆಯೇ.

ಹಾಗಾಗಿ ನನಗೆ ಗೆರೆ ಬೀಳುವುದು ಕಣ್ಣು ಮತ್ತು ಕಿವಿಯ ನಡುವೆ ಅಲ್ಲ. ಯಾರಾದರೂ ನಮಗಿಂತ ಮೊದಲು ಆ ವಾಕ್ಯವನ್ನು ಅರ್ಥ ಮಾಡಿಕೊಂಡಿದ್ದಾರಾ ಇಲ್ಲವಾ ಅನ್ನುವಲ್ಲಿ. ಕವಿತೆ ನಾನು ಮೊದಲು ಯಂತ್ರದಲ್ಲೇ ಕೇಳುತ್ತೇನೆ. ಕರ್ಕಶ. ಆದರೆ ಅದು ನನ್ನ ಪಾಲಿನ ಕೆಲಸ ಕಸಿದುಕೊಳ್ಳುವುದಿಲ್ಲ. ಕಾದಂಬರಿಯಾದರೆ ಮನುಷ್ಯರೇ ಓದಲಿ, ಹನ್ನೆರಡು ಗಂಟೆ ಜೀರುಂಡೆ ಕೇಳಲು ನನಗೂ ಆಗುವುದಿಲ್ಲ.

ಕಿವಿಗೆ ಸೋಲು ಇಲ್ಲ ಅಂತ ಹೇಳುತ್ತಿಲ್ಲ. ಕಾಗುಣಿತದಲ್ಲಿ ಕಿವಿ ಪೂರ್ತಿ ಸೋಲುತ್ತದೆ. 'ಶ' ಯಾವುದು 'ಷ' ಯಾವುದು ಅಂತ ನಾನು ಕಲಿತದ್ದು ಬೆರಳಿನಿಂದ. ಅಲ್ಪವಿರಾಮ ಬ್ರೈಲ್‌ನಲ್ಲಿ ಒಂದೇ ಒಂದು ಚುಕ್ಕಿ, ಆರರಲ್ಲಿ ಎರಡನೆಯದು. ಹಾಳೆ ಸ್ವಲ್ಪ ಸವೆದರೆ ಸಿಗುವುದೇ ಇಲ್ಲ. ಸವೆದ ಪುಸ್ತಕಗಳಲ್ಲಿ ಎಷ್ಟು ಅಪ್ಪಂದಿರು ಅತ್ತಿದ್ದಾರೋ.

ಇತಿಹಾಸ, ವಿಜ್ಞಾನಕ್ಕೆ ಉಪಾಯ ಕೇಳಿದ್ದೀರಿ. ಡೈಸಿ ಅನ್ನುವ ಮಾದರಿಯ ಪುಸ್ತಕ ಸಿಕ್ಕರೆ ಬಿಡಬೇಡಿ. ಅದರಲ್ಲಿ ಅಧ್ಯಾಯ, ಉಪಶೀರ್ಷಿಕೆ, ಪುಟಸಂಖ್ಯೆ ಹಿಡಿದು ಹಾರಬಹುದು. ಮಾಮೂಲಿ ಆಡಿಯೋಬುಕ್‌ನಲ್ಲಿ 15 ಸೆಕೆಂಡ್ ಹಿಂದೆ, 30 ಸೆಕೆಂಡ್ ಮುಂದೆ ಅಂತ ಬಟನ್ ಇರುತ್ತದಲ್ಲ, ಅದು ಕತ್ತಲಲ್ಲಿ ತಡವರಿಸಿದ ಹಾಗೆ. ಕತ್ತಲಲ್ಲಿ ತಡವರಿಸುವುದರ ಬಗ್ಗೆ ನನ್ನ ಮಾತು ನಂಬಿ.

ಸೀಮೆಸುಣ್ಣ:

ನಾನು ಪಾಠ ಹೇಳುವವನು, ಹಾಗಾಗಿ ನನ್ನ ಕಣ್ಣು ಹೋಗಿದ್ದು ಎರಡನೇ ಪ್ರಶ್ನೆಯ ಮೇಲೆ. ಮನಸ್ಸು ಅಲೆಯುವುದು ನಿಮ್ಮೊಬ್ಬರ ಕಷ್ಟ ಅಲ್ಲ.

ನಾವು ಓದುವಾಗ ಕಣ್ಣು ಸರಾಗವಾಗಿ ಹರಿಯುತ್ತದೆ ಅಂದುಕೊಂಡಿರುತ್ತೇವೆ. ಇಲ್ಲ. ಜಿಗಿಯುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡ್ ನಿಂತು ಮತ್ತೆ ಜಿಗಿಯುತ್ತದೆ. ಆ ಜಿಗಿತಗಳಲ್ಲಿ ನೂರಕ್ಕೆ ಹತ್ತು ಹದಿನೈದು ಹಿಂದಕ್ಕೆ. ಅರ್ಥವಾಗದ್ದನ್ನು ಇನ್ನೊಮ್ಮೆ ನೋಡಿ ಬರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕಿವಿಗೆ ಈ ಹಿಂದಿನ ಜಿಗಿತ ಇಲ್ಲ. ಫೋನ್ ತೆಗೆದು ಬಟನ್ ಒತ್ತಬೇಕು. ಕೈ ಒದ್ದೆಯಾಗಿದ್ದರೆ ಒತ್ತುವುದಿಲ್ಲ. "ಹೋಗಲಿ ಬಿಡು" ಅಂತ ಮುಂದೆ ಹೋಗುತ್ತೇವೆ. ಕಥೆಯಲ್ಲಿ "ಹೋಗಲಿ ಬಿಡು" ನಡೆಯುತ್ತದೆ. ರಸಾಯನಶಾಸ್ತ್ರದಲ್ಲಿ ನಡೆಯುವುದಿಲ್ಲ.

ಇದರ ಬಗ್ಗೆ ಅಧ್ಯಯನಗಳೂ ಆಗಿವೆ. 2016ರಲ್ಲಿ ಬಂದ ಒಂದರಲ್ಲಿ ದೊಡ್ಡವರನ್ನು ಮೂರು ಗುಂಪು ಮಾಡಿ, ಒಂದು ನಿಜಕಥೆಯ ಪುಸ್ತಕದ ಭಾಗಗಳನ್ನು ಕೊಟ್ಟರು. ಒಬ್ಬರು ಕೇಳಿದರು, ಒಬ್ಬರು ಓದಿದರು, ಒಬ್ಬರು ಎರಡೂ ಮಾಡಿದರು. ಆಗಲೂ, ಎರಡು ವಾರದ ಮೇಲೂ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಡಿಯೋಬುಕ್ ಪರ ಮಾತಾಡುವವರು ಇದನ್ನೇ ಹಿಡಿದು ಬರುತ್ತಾರೆ. ಅವರು ಹೇಳದೆ ಬಿಡುವ ಮಾತೊಂದಿದೆ. ಆ ಓದಿದ ಗುಂಪು ಓದಿದ್ದು ಕಾಗದದ ಮೇಲಲ್ಲ, ಇ-ರೀಡರ್‌ನಲ್ಲಿ. ಇನ್ನೊಂದು ಅಧ್ಯಯನ 2010ರದ್ದು. ಕಾಲೇಜು ಹುಡುಗರಿಗೆ ಒಂದೇ ಪಾಠವನ್ನು ಕೆಲವರಿಗೆ ಪಾಡ್‌ಕಾಸ್ಟ್ ಆಗಿ, ಕೆಲವರಿಗೆ ಬರಹವಾಗಿ ಕೊಟ್ಟು ಪರೀಕ್ಷೆ ಇಟ್ಟರು. ಕೇಳಿದವರ ಅಂಕ ಎದ್ದು ಕಾಣುವಷ್ಟು ಕಡಿಮೆ. ನನಗೆ ಇವೆರಡರಲ್ಲಿ ಜಗಳ ಕಾಣುವುದಿಲ್ಲ. ಓಡುವ ಕಥೆ ಬೇರೆ, ಪರೀಕ್ಷೆಯ ಪಾಠ ಬೇರೆ.

ಉಪಾಯ ಅಂದರೆ ನಾನು ಮಾಡುವುದು ಇಷ್ಟು. ಕಷ್ಟದ ಪುಸ್ತಕವನ್ನು ಮೊದಲು ಕೇಳುತ್ತೇನೆ, ಪೂರ್ತಿ ಅರ್ಥವಾಗಬೇಕು ಅಂತ ಹಟ ಮಾಡುವುದಿಲ್ಲ. ಆಮೇಲೆ ಬೇಕಾದ ಅಧ್ಯಾಯ ಮಾತ್ರ ಕಾಗದದಲ್ಲಿ ಓದುತ್ತೇನೆ. ಕೇಳುವಾಗ ಕಾಲಿಗೆ ಕೆಲಸ ಕೊಡುತ್ತೇನೆ, ತಲೆಗೆ ಕೊಡುವುದಿಲ್ಲ. ನಡೆಯುತ್ತಾ ಕೇಳಬಹುದು, ಪಾತ್ರೆ ತೊಳೆಯುತ್ತಾ ಕೇಳಬಹುದು. ಮೆಸೇಜು ನೋಡುತ್ತಾ ಕೇಳಿದರೆ ಎರಡೂ ಹೋಯಿತು. ಮಲಗಿಕೊಂಡು ಕೇಳುವುದಂತೂ ಪುಸ್ತಕಕ್ಕೆ ಮೋಸ, ನಿದ್ದೆಗೆ ಲಾಭ. ಸರ್, ನಿಮ್ಮ ಮಗಳ ಸಲಹೆಯಲ್ಲಿ ಆ 'ಮಲಗಿಕೊಂಡು' ಒಂದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿ.

ಆರುಚುಕ್ಕಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಓದಿದ್ದು ಎಷ್ಟೋ ಸಲ ಜಾಗದ ಜೊತೆ ನೆನಪಿರುತ್ತದೆ. ಎಡಗಡೆ ಪುಟ, ಮೇಲಿನಿಂದ ಮೂರನೇ ಸಾಲು, ಪುಸ್ತಕ ಮುಕ್ಕಾಲು ಮುಗಿದಿತ್ತು, ಹೀಗೆ. ಕೇಳಿದ್ದಕ್ಕೂ ಜಾಗ ಇದೆ, ಆದರೆ ಅದು ಪುಸ್ತಕದ್ದಲ್ಲ, ನಾನಿದ್ದ ಕಡೆಯದು. ಒಂದು ಪತ್ತೇದಾರಿ ಕಥೆಯ ಕೊಲೆ ನನ್ನ ಮಟ್ಟಿಗೆ ಇವತ್ತಿಗೂ ನಮ್ಮ ಮನೆಯ ಮೆಟ್ಟಿಲ ತಿರುವಿನಲ್ಲೇ ಆಗಿದೆ.

ಒಂದುಸಿರು:

ಆರುಚುಕ್ಕಿ ಮೇಡಂ, ನಿಮ್ಮ ಜೀರುಂಡೆಯ ಮಾತು ಓದಿ ನಿನ್ನೆ ಒಂದು ಪ್ರಯೋಗ ಮಾಡಿದೆ. ಸರ್ ಅವರ ಆ ವಾಕ್ಯವನ್ನು ಎಲ್ಲೂ ನಿಲ್ಲದೆ, ಎರಡೂ ಅರ್ಥ ಉಳಿಯುವ ಹಾಗೆ ಓದಲು ಆಗುತ್ತದಾ ಅಂತ. ಹದಿನೇಳು ಸಲ ರೆಕಾರ್ಡ್ ಮಾಡಿದೆ. ಉಸಿರು ಸಾಲುತ್ತದೆ, ಅದು ತೊಂದರೆ ಅಲ್ಲ. ಆದರೆ 'ಅಳುತ್ತಾ' ಅನ್ನುವಾಗಲೇ ದನಿ ಯಾರದೋ ಕಡೆ ವಾಲುತ್ತದೆ. ಯಾರು ಅತ್ತರು ಅಂತ ತಲೆಯಲ್ಲಿ ಇಟ್ಟುಕೊಳ್ಳದೆ ಆ ಪದ ಹೇಳುವುದು ನನಗೆ ಆಗಲೇ ಇಲ್ಲ.

ಹಳೆಯಹಾಳೆ:

ಎಂ.ಎ. ಮಾತಿಗೆ ನನ್ನ ತಪ್ಪು ಒಪ್ಪಿದೆ. ಎಂಬತ್ತು ಪುಸ್ತಕದವರ ಬಗ್ಗೆ ಹೇಳಿದ್ದು ಹಾಗೇ ಇರಲಿ.

ಕೆಂಪುಪೆನ್ನು:

ಎಲ್ಲರಿಗೂ ಥ್ಯಾಂಕ್ಸ್. ಕುತ್ತಿಗೆ ಈಗ ವಾಸಿ. ಇಷ್ಟೆಲ್ಲ ಓದಿದಮೇಲೆ ಸುಮ್ನೆ ಇರಲು ಆಗಲಿಲ್ಲ. ಆ ಕಾದಂಬರಿಯ ಕೈಬರಹದ ಪ್ರತಿ ಎಲ್ಲಿದೆ ಅಂತ ವಿಚಾರಿಸಿದೆ. ಈಗ ಯಾರ ಹತ್ತಿರವೂ ಇಲ್ಲ. ಆಗ ಅದನ್ನು ನನಗೆ ಜೋರಾಗಿ ಓದಿ ಹೇಳಿದವರು ಮಾತ್ರ ಇದ್ದಾರೆ, ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವರು. ನಾವಿಬ್ಬರೂ ಎದುರುಬದುರು ಕೂತು ಎಷ್ಟು ಸಾವಿರ ಪುಟ ಮುಗಿಸಿದ್ದೇವೋ ಲೆಕ್ಕ ಇಲ್ಲ.

ಪುಟದ ಫೋಟೋ ಕಳಿಸಿ, ಫೋನ್ ಮಾಡಿದೆ. ಗುರುತು ಹಾಕಿದ ವಾಕ್ಯ ಓದಿ ಅಂದೆ, ಕಾರಣ ಹೇಳಲಿಲ್ಲ. ಅವರೂ ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ಅಡಿಕೋಲಿನಲ್ಲಿ ಗೆರೆ ಎಳೆದ ಹಾಗೆ ಒಂದೇ ದನಿಯಲ್ಲಿ ಓದಿದರು.

"ಅವನು ಅಳುತ್ತಾ ಓಡಿಹೋದ ಮಗನನ್ನು ಹುಡುಕಿಕೊಂಡು ಹೊರಟ ಪೂರ್ಣವಿರಾಮ ಹೊಸ ಪ್ಯಾರಾ."

ಒಂದುಸಿರು ಮೇಡಂ, ಹದಿನೇಳು ಸಲಕ್ಕೆ ನಿಮಗೆ ಆಗದ್ದು ಅವರಿಗೆ ಒಂದೇ ಸಲಕ್ಕೆ ಆಯಿತು. ಅತ್ತವರು ಯಾರು ಅಂತ ಅದನ್ನು ಕೇಳಿ ಹೇಳುವ ಹಾಗೇ ಇರಲಿಲ್ಲ.

"ಅಣ್ಣಾ, ಅಳುತ್ತಿರೋದು ಯಾರು ಇಲ್ಲಿ? ಅಪ್ಪನಾ ಮಗನಾ?"

"ನನಗೇನಪ್ಪಾ ಗೊತ್ತು? ನಾನು ಕಥೆ ಓದಿದ್ದೀನಾ?"

"ಮೂಲ ಪ್ರತಿ ನೋಡಿದ್ದು ನೀವಲ್ವಾ. ಅಲ್ಲಿ 'ಅಳುತ್ತಾ' ಆದಮೇಲೆ ಅಲ್ಪವಿರಾಮ ಇತ್ತಾ? ನಾನು ಬಿಟ್ಟೆನಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನೆನಪು ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಇಲ್ಲ, ಕೋಪ ಬಂದಿತ್ತು.

"ಇದ್ದಿದ್ರೆ ಓದ್ತಿದ್ದೆ."